ವೈಫೈಗೆ ಬೀಗ

ಸೋಮವಾರ, ಬೆಳಿಗ್ಗೆ ಎಂಟೂವರೆ. ಬಸವಕಲ್ಯಾಣದ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲ್. ಹಾಜರಿದ್ದವರು: ವಾರ್ಡನ್ ಶಾಂತಾಬಾಯಿ, ರಾಜೇಶ್ವರ ಊರಿನ ವಿದ್ಯಾರ್ಥಿನಿ ಭಾಗ್ಯಶ್ರೀ, ಹಾಸ್ಟೆಲ್ ಕಮಿಟಿಯ ಸದಸ್ಯನಾದ ನಾನು. ಗೈರುಹಾಜರು: ವೈಫೈ.

ಮಧ್ಯಾಹ್ನ ಮೂರಕ್ಕೆ ಭಾಗ್ಯಶ್ರೀಗೆ ಆನ್‌ಲೈನ್ ಸಂದರ್ಶನ, ಲ್ಯಾಬ್ ಟೆಕ್ನಿಷಿಯನ್ ತರಬೇತಿಗೆ. ಕೋಣೆಯಲ್ಲಿ ಒಬ್ಬಳೇ ಇರಬೇಕು, ಕ್ಯಾಮೆರಾ ಒಂದು ಕ್ಷಣವೂ ನಿಲ್ಲಬಾರದು. (ಬಜಾರಿನ ಸೈಬರ್ ಅಂಗಡಿಯಲ್ಲಿ ಒಬ್ಬಳೇ ಇರುವುದು ಹೇಗೆ?) ನಮ್ಮದು ಮೂರಂತಸ್ತಿನ ಹಳೆಯ ಕಲ್ಲಿನ ಕಟ್ಟಡ. ಗೋಡೆ ಎರಡಡಿ ದಪ್ಪ. ಮೊಬೈಲ್ ಸಿಗ್ನಲ್ ಕಿಟಕಿ ದಾಟಿ ಒಳಗೆ ಬರುವುದಿಲ್ಲ. ಅದಕ್ಕೇ ತಾನೇ ಅಂತಸ್ತಿಗೆ ನಾಲ್ಕರಂತೆ ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹಂಚುವ ಬಿಳಿ ತಟ್ಟೆಗಳನ್ನು, ಹಾಕಿಸಿದ್ದು?

ನಾನು ಟೆಲಿಫೋನ್ ಇಲಾಖೆಯಲ್ಲಿ ತಲೆ ನರೆಸಿಕೊಂಡವನು. ಲೈನ್ ಕೆಟ್ಟರೆ ಮೊದಲು ತಂತಿ ಹಿಡಿದು ನಡೆಯಬೇಕು. ನಡೆದೆ. ತಂತಿ ಹೋಗಿ ಒಂದು ಕಬ್ಬಿಣದ ಡಬ್ಬಿ ಹೊಕ್ಕಿತ್ತು. ದಪ್ಪ ತಗಡು, ಬಾಗಿಲು, ಬೀಗ. ಹನ್ನೆರಡೂ ತಟ್ಟೆಗಳಿಗೆ ಅಂಥದೇ ಒಂದೊಂದು ಡಬ್ಬಿ.

"ಇದೇನ್ರಿ ಶಾಂತಾಬಾಯಿ?"

"ಕಮಿಟಿ ಸೆಕ್ರೆಟರಿ ಸಾಹೇಬ್ರು ಹೋದ ವಾರ ವೆಲ್ಡಿಂಗ್ ಮಾಡ್ಸಿ ನಿನ್ನಿ ಹಚ್ಚ್ಯಾರ್ರಿ. ಕಳುವು ಆಗಬಾರ್ದಂತ."

ಸಿಟ್ಟು ನೆತ್ತಿಗೇರಿತು. ನಮ್ಮ ಕಡೆ ಸಂಸ್ಥೆಗೆ ಏನೇ ಬರಲಿ, ಮೊದಲು ಪೂಜೆ, ಆಮೇಲೆ ಪಂಜರ. ಟಿವಿಗೆ ಪಂಜರ, ನೀರಿನ ಫಿಲ್ಟರಿಗೆ ಪಂಜರ. ಫಿಲ್ಟರಿನ ನಲ್ಲಿಯಾದರೂ ಹೊರಗಿರುತ್ತದೆ. ತಗಡಿನೊಳಗಿಂದ ವೈಫೈ ಹೇಗೆ ಹೊರಬರಬೇಕು?

ಅಂಗಳಕ್ಕೆ ಬಂದು, ವೈಫೈ ಹಾಕಿದ ಎಂಜಿನಿಯರ್‌ಗೆ ಫೋನ್ ಮಾಡಿದೆ.

"ನಾವ್ ಟೆಸ್ಟ್ ಮಾಡ್ದಾಗ ಡಬ್ಬಿ ಇರ್ಲಿಲ್ರಿ ಸರ. ಫುಲ್ ಸಿಗ್ನಲ್ ಇತ್ತು."

ಟೆಸ್ಟ್ ಮಾಡಿದ್ದು ಬೇಸಿಗೆ ರಜೆಯಲ್ಲಂತೆ. ಹಾಸ್ಟೆಲ್ ಖಾಲಿ, ಕೋಣೆಗಳ ಬಾಗಿಲೆಲ್ಲ ಹಾರು ಹೊಡೆದಿದ್ದವು! ಮಕ್ಕಳು ಬಾಗಿಲು ಹಾಕಿಕೊಂಡು ಓದುತ್ತಾರೆಂದು ಇವರಿಗೆ ಗೊತ್ತಿರಲಿಲ್ಲವೇ?

ಕೀಲಿ ಎಲ್ಲಿ? ಸೆಕ್ರೆಟರಿಯ ಬಳಿ. ಸೆಕ್ರೆಟರಿ ಎಲ್ಲಿ? ಹುಮನಾಬಾದಿನಲ್ಲಿ, ಧಾನ್ಯ ಮಾರಿಸಿಕೊಡುವ ತಮ್ಮ ಅಡತ ಅಂಗಡಿಯಲ್ಲಿ. ಫೋನ್ ಎತ್ತಲಿಲ್ಲ. ಬೀಗ ಒಡೆಯೋಣ ಎಂದೆ.

"ನನ್ನ ನೌಕರಿ ಹೋಗ್ತದ್ರಿ ಕಾಕಾ," ಎಂದರು ಶಾಂತಾಬಾಯಿ.

ಬಸ್ಸು ಹತ್ತಿದೆ.

ಹನ್ನೊಂದೂವರೆ. ತೊಗರಿ ಚೀಲಗಳ ನಡುವೆ ಸೆಕ್ರೆಟರಿ ಚಹಾ ಕುಡಿಯುತ್ತಿದ್ದರು.

"ಬರ್ರಿ ಬರ್ರಿ! ಯಾಕ ಇಷ್ಟು ಗರಂ ಆಗೀರಿ?"

"ಡಬ್ಬಿ ಕೀಲಿ ಕೊಡ್ರಿ."

"ನಾಳಿ ಕಳುವಾದ್ರ ಜಿಮ್ಮೇದಾರಿ ಯಾರದು?"

"ಇವತ್ತು ಆ ಹುಡುಗಿ ಸೀಟು ಹೋದ್ರ ಯಾರದು?"

"ಅಲ್ರಿ, ಗಾಳಿ ಆಡ್ಲಿ ಅಂತ ಡಬ್ಬಿಗಿ ನಾಕ್ ತೂತು ಹೊಡ್ಸೀನಲ್ಲ. ಅದ್ರಾಗಿಂದ ಬರಂಗಿಲ್ಲೇನು?"

(ನಗಬೇಡಿ. ಅವರು ಗಂಭೀರವಾಗಿಯೇ ಕೇಳಿದ್ದು.)

ಜವಾಬ್ದಾರಿ ನನ್ನದೆಂದು ಚೀಟಿ ಬರೆದುಕೊಟ್ಟು ಕೀಲಿಗೊಂಚಲು ತಂದೆ. ಎರಡೂಕಾಲಿಗೆ ಭಾಗ್ಯಶ್ರೀಯ ಕೋಣೆಯೆದುರಿನ ಡಬ್ಬಿ ತೆರೆದೆ. ಒಳಗೆ ಕಲ್ಲಿನ ಗೋಡೆಯ ಮರೆಯಲ್ಲಿದ್ದ ಆಕೆಯ ಮೇಜಿಗೆ ಆಗಲೂ ಸಿಗ್ನಲ್ ಇಲ್ಲ. ಮೇಜನ್ನು ಬಾಗಿಲ ಬಳಿಗೆ ಎಳೆಸಿದೆ, ಬಂತು. ಮೂರಕ್ಕೆ ಆಕೆ ಒಳಗೆ, ನಾವಿಬ್ಬರು ಹೊರಗೆ, ಕಾವಲಿಗೆ.

ಮೂರೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು.

"ಒಮ್ಮಿನೂ ಕಟ್ ಆಗ್ಲಿಲ್ರಿ ಅಜ್ಜಾ. ಆದ್ರ ಎರಡು ಪ್ರಶ್ನಿಗಿ ಉತ್ತರ ಬರ್ಲಿಲ್ಲ. ಮುಂಜಾನಿಂದ ಸಿಗ್ನಲ್ ಹುಡ್ಕೂದ್ರಾಗೇ ಹೋತು. ಪುಸ್ತಕ ಮುಟ್ಟೇ ಇಲ್ಲ."

ನಾನು ಸ್ಕ್ರೂಡ್ರೈವರ್ ಹಿಡಿದೆ. ಸಂಜೆ ಆರಕ್ಕೆ ಹನ್ನೆರಡನೆಯ ಡಬ್ಬಿಯ ಬಾಗಿಲನ್ನೂ ಕಳಚಿ ಕೆಳಗಿಟ್ಟೆ. ಆ ಹುಡುಗಿಯ ಎರಡು ಉತ್ತರ ಕಳುವಾಗಿವೆ. ದೂರು ಯಾರ ಮೇಲೆ ಕೊಡಲಿ?