ಎತ್ತಿದ ಕೈ

ಜಯನಗರದ ನಮ್ಮ ಪಾರ್ಕಿನ ನಗೆಕೂಟಕ್ಕೆ ಅವರೇ ಮುಂದಾಳು. ಹೆಸರು ನಾನು ಕೇಳಲೇ ಇಲ್ಲ. ಎಲ್ಲರಿಗೂ ಅವರು ‘ಮೇಷ್ಟ್ರು’. ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಗೆ ಮಫ್ಲರ್. ಬೆಳಿಗ್ಗೆ ಆರೂವರೆಗೆ ಸರಿಯಾಗಿ ಬಲಗೈ ಎತ್ತುತ್ತಿದ್ದರು. ಆ ಕೈ ಇಳಿಯುವ ತನಕ ಎಲ್ಲರೂ ನಗಬೇಕು. ಅದೇ ನಿಯಮ.

ಹೊಸದಾಗಿ ಸೇರಿದ್ದ ನಾನು ಒಂದು ದಿನ ಕೆಮ್ಮು ಬಂದು ನಡುವೆಯೇ ನಗು ನಿಲ್ಲಿಸಿದೆ. ಅವರು ಬೈಯಲಿಲ್ಲ. ಹತ್ತಿರ ಬಂದು, “ಎಲ್ರೂ ನಗ್ತಿದಾರಲ್ಲ ಮೇಡಂ, ನಿಮಗೇನಾಯ್ತು?” ಎಂದರು. ಬೆಂಚಿನ ಮೇಲೆ ಸುಮ್ಮನೆ ಕೂತವರನ್ನೂ ಅವರು ಹೀಗೇ ಕೇಳುತ್ತಿದ್ದರು. ಮೂವತ್ತು ಮುಖಗಳು ನನ್ನತ್ತ ತಿರುಗಿದವು. ಆಮೇಲೆ ವಾರವಿಡೀ ಯಾರೂ ನನ್ನ ಪಕ್ಕ ನಿಲ್ಲಲಿಲ್ಲ.

ಮುಂದೊಂದು ಬೆಳಿಗ್ಗೆ, ಎತ್ತಿದ ಕೈಯಿಂದಲೇ ಅವರು ಹೊಂಗೆ ಮರದ ಕೊಂಬೆ ಹಿಡಿದುಕೊಂಡರು. ಎಡಗೈ ಎದೆಯ ಮೇಲಿತ್ತು. ಮುಖವೆಲ್ಲ ಬೆವರು. ನನಗೆ ಗೊತ್ತಾಯಿತು. ಅಕ್ಕಪಕ್ಕ ನೋಡಿದೆ, ಎಲ್ಲರೂ ನಗುತ್ತಿದ್ದರು, ಕಣ್ಣುಗಳು ಮಾತ್ರ ನಗುತ್ತಿರಲಿಲ್ಲ. ನಾನೂ ನಕ್ಕೆ, ಇನ್ನಷ್ಟು ಜೋರಾಗಿ.

ಕೊನೆಗೆ ಬೇಲಿಯಾಚೆ ಸೊಪ್ಪು ಮಾರುತ್ತಿದ್ದ ಹೆಂಗಸು ಕೂಗಿಕೊಂಡಳು: “ಅಯ್ಯೋ, ಯಾಕ್ರೀ ನಗ್ತಿದೀರಾ? ಅವ್ರು ಬೀಳ್ತಾವ್ರೆ, ಹಿಡ್ಕೊಳ್ರೀ!”

ಎರಡು ತಿಂಗಳ ಮೇಲೆ ಅವರು ಮರಳಿ ಬಂದರು, ಬಡಕಲಾಗಿ. ನನ್ನ ಮುಂದೆ ನಿಂತು ಮೆಲ್ಲಗೆ, “ಅವತ್ತು ನೀವು ನನ್ನನ್ನೇ ನೋಡ್ತಿದ್ರಿ, ಅಲ್ವಾ ಮೇಡಂ?” ಎಂದರು.

ಮರುಕ್ಷಣವೇ ಅವರ ಬಲಗೈ ಮೇಲೇರಿತು. ಎಲ್ಲರಿಗಿಂತ ಮೊದಲು ನಕ್ಕವಳು ನಾನೇ.