ಹಾಡಿನ ಟೀಚರ್ ಕಿವಿ

ಒಣಕಟ್ಟಿಗೆಗೂ ಹಾಡು ಕಲಿಸಿಯಾಳು ಎಂದು ಹಾಡಿನ ಟೀಚರನ್ನು ಜೊತೆಯವರು ತಮಾಷೆ ಮಾಡುತ್ತಿದ್ದರು. ಆ ಪ್ರೈಮರಿ ಶಾಲೆಯಲ್ಲಿ ಆಕೆಗೆ ಅದು ಕೊನೆಯ ವರ್ಷ. ನಿವೃತ್ತಿಗೆ ಮೊದಲು ಊರಿನ ಹಕ್ಕಿಗಳ ಮೇಲೊಂದು ಹಾಡುನಾಟಕ ಆಡಿಸಬೇಕೆಂದು ತಾನೇ ಕೂತು ಬರೆದಳು. ಮರಕುಟಿಗ, ಮಿಂಚುಳ್ಳಿ, ಗೂಬೆ, ಕೊನೆಗೆ ಗೂಡು ಕಳೆದುಕೊಂಡ ಗುಬ್ಬಿ.

ಗುಬ್ಬಿಯ ಪಾತ್ರ ಮೂರನೇ ತರಗತಿಯ ಹುಡುಗಿಗೆ ಸಿಕ್ಕಿತು. ಚೋಟುದ್ದ ಇದ್ದುದರಿಂದ ಎಲ್ಲರಿಗೂ ಅವಳು ಚೋಟಿ. ದನಿಯೂ ನೂಲಿನಂತೆ ತೆಳ್ಳಗೆ.

ತಾಲೀಮಿನಲ್ಲಿ ಗೂಬೆಯ ಗೂಕಾರ, ಮರಕುಟಿಗನ ಕಟಕಟ ಟೀಚರ್‌ಗೆ ಚೆನ್ನಾಗಿಯೇ ಕೇಳುತ್ತಿದ್ದವು. ಗುಬ್ಬಿಯ ಸರದಿ ಬಂದಾಗ ಮಾತ್ರ ಚೋಟಿಯ ಬಾಯಿ ಆಡುವುದು ಕಾಣುತ್ತಿತ್ತು, ದನಿಯಿಲ್ಲ. ಟಿವಿ ಸದ್ದಿಗೆ ಗೋಡೆ ಬಿರುಕು ಬಿಟ್ಟೀತು, ಒಮ್ಮೆ ಕಿವಿ ತೋರಿಸಿಕೋ ಎಂದು ಮನೆಯಲ್ಲಿ ಗಂಡ ಹೇಳಿ ಹೇಳಿ ಸೋತಿದ್ದ. ಸಂಗೀತದವಳ ಕಿವಿಗೇನು ದಾಡಿ ಎಂದು ಆಕೆ ತಳ್ಳಿಹಾಕಿದ್ದಳು. ಒಳಗೊಳಗೇ ಅಳುಕಿತ್ತು. ಅಳುಕು ಹೆಚ್ಚಿದಷ್ಟೂ ಸಿಟ್ಟು ಮಗುವಿನ ಮೇಲೆ ತಿರುಗುತ್ತಿತ್ತು.

"ಬರೀ ಬಾಯಿ ಆಡಿಸ್ಬೇಡ. ಹಾಡು."

"ಹಾಡ್ತಾನೇ ಇದೀನಿ ಮಿಸ್."

"ಸುಳ್ಳು ಬೇರೆ ಹೇಳ್ತೀಯಾ?"

ಎಲ್ಲರೆದುರೇ ಅವಳ ರೆಕ್ಕೆ ಬಿಚ್ಚಿಸಿ, ಗಟ್ಟಿ ಗಂಟಲಿನ ಇನ್ನೊಬ್ಬಳಿಗೆ ಕಟ್ಟಿಸಿದಳು. ಚೋಟಿಯನ್ನು ಹಿಂದಿನ ಸಾಲಿನಲ್ಲಿ ಮರವಾಗಿ ನಿಲ್ಲಿಸಿದಳು. ಉಳಿದ ಮಕ್ಕಳು ಮುಖ ಮುಖ ನೋಡಿಕೊಂಡರು. ಅವರಿಗೆ ಹಾಡು ಕೇಳಿತ್ತು. ಟೀಚರ್‌ಗೆ ಎದುರಾಡುವ ಧೈರ್ಯ ಯಾರಿಗಿದ್ದೀತು?

ನಾಟಕದ ದಿನ ತಂದೆ ತಾಯಂದಿರಿಂದ ಸಭಾಂಗಣ ಗಿಜಿಗುಡುತ್ತಿತ್ತು. ಗೂಬೆಯಾಗಿದ್ದವನು ಒಂದು ನುಡಿ ಮರೆತು ಮುಂದಕ್ಕೆ ಹಾರಿದ. ಮಕ್ಕಳೆಲ್ಲ ಅವನ ಹಿಂದೆ ಹೋದರು. ಟೀಚರ್ ನುಡಿಸುತ್ತಿದ್ದ ಹಾರ್ಮೋನಿಯಂ ಮಾತ್ರ ಹಳೆಯ ನುಡಿಯಲ್ಲೇ ಉಳಿಯಿತು. ಹಾಡು ಏರಿಗೆಳೆದರೆ ವಾದ್ಯ ನೀರಿಗೆ. ಮಕ್ಕಳು ತಡವರಿಸಿ ನಿಂತರು, ಜನ ನಕ್ಕರು, ಆ ಗದ್ದಲದಲ್ಲಿ ಏನೂ ತಿಳಿಯದೆ ಆಕೆ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದಳು. ಹೆಡ್ಮಿಸ್ ಬಂದು ಭುಜ ಮುಟ್ಟಿದಾಗಲೇ ತಲೆಯೆತ್ತಿದ್ದು. ವೇದಿಕೆಯ ಮೇಲೆ ಯಾರೂ ಹಾಡುತ್ತಿರಲಿಲ್ಲ.

ಸಣ್ಣ, ಎತ್ತರದ ದನಿಗಳೇ ಮೊದಲು ಹೋಗುವುದು, ನಿಮಗವು ಹೋಗಿ ಬಹಳ ಕಾಲವಾಗಿದೆ ಎಂದರು ಕಿವಿಯ ಡಾಕ್ಟರು. ಯಂತ್ರ ಹಾಕಿದರೆ ಮಾತು ತಿಳಿದೀತು, ಸಂಗೀತದ ಭರವಸೆ ಕೊಡಲಾರೆ ಎಂದರು. ಆಕೆಗೆ ಥಟ್ಟನೆ ನೆನಪಾದದ್ದು ಚೋಟಿ.

ಮನೆ ಹುಡುಕಿಕೊಂಡು ಹೋದಳು. ಚೋಟಿಯ ತಾಯಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕುರ್ಚಿ ಎಳೆದಳು. ಹುಡುಗಿ ಅಮ್ಮನ ಬೆನ್ನ ಹಿಂದೆ ಸೇರಿಕೊಂಡಳು.

"ತಪ್ಪು ನಂದು ಕಂದಾ. ನೀನು ಹಾಡ್ತಿದ್ದೆ. ನನ್ನ ಕಿವಿ ಕೆಟ್ಟಿದೆ, ನಂಗೇ ಕೇಳ್ತಿರ್ಲಿಲ್ಲ."

ಹುಡುಗಿ ನೆಲ ನೋಡುತ್ತಿದ್ದಳು. ತಾಯಿಯೇ ದನಿ ಏರಿಸಿ ಹೇಳಿದಳು:

"ಮೊದ್ಲು ಸ್ನಾನ ಮಾಡೋವಾಗ್ಲೂ ಗುನುಗ್ತಿದ್ಲು ಮಿಸ್. ಈಗ ಮನೇಲೂ ಹಾಡಲ್ಲ. ಕೇಳಿದ್ರೆ, ನಂಗೆ ದನಿ ಇಲ್ಲ ಅಂತಾಳೆ."

ಹಾಡಿನ ಕೋಣೆಯ ಬೀಗದ ಕೈಯನ್ನು ಮರುದಿನ ಟೀಚರ್ ತಾನೇ ಹೆಡ್ಮಿಸ್ ಮೇಜಿನ ಮೇಲಿಟ್ಟಳು. ಉಳಿದ ತಿಂಗಳುಗಳಲ್ಲಿ ಚಿಕ್ಕ ಮಕ್ಕಳ ಕಾಪಿ ತಿದ್ದುವ ಕೆಲಸ ಕೊಟ್ಟರು. ಕಾರಿಡಾರಿನಲ್ಲಿ ಎದುರಾದರೆ ಚೋಟಿ ಗೋಡೆಯ ಬದಿಗೆ ಸರಿದು ದಾರಿ ಬಿಡುತ್ತಿದ್ದಳು.