ನಿಂತು ತೆಗೆಯದ ಚಿತ್ರ

ಮೀನಿನಕ್ಕನ ಕುತ್ತಿಗೆ ಬಾಗುತ್ತಿರಲಿಲ್ಲ. ಇಪ್ಪತ್ತೈದು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು. ನೆಲ ನೋಡಬೇಕಾದರೆ ಕಣ್ಣುಗಳನ್ನಷ್ಟೇ ಇಳಿಸುತ್ತಿದ್ದಳು. ನಮ್ಮ ಗೇಟಿನ ಮೇಲೆ ಮಲ್ಲಿಗೆ ಬಳ್ಳಿಯ ಕಮಾನು ತಗ್ಗಾಗಿತ್ತು. ಅದನ್ನು ದಾಟಲು ಅವಳು ತಲೆ ತಗ್ಗಿಸದೆ ಮೊಣಕಾಲು ಬಗ್ಗಿಸುವಳು. ಆಸ್ಪತ್ರೆಗೆ ಹೋಗಬೇಕಿದ್ದ ಆ ಬೆಳಿಗ್ಗೆ ತಲೆಯ ಮೇಲೆ ಏನೂ ಇರಲಿಲ್ಲ. ಆದರೂ ಹಾಗೆಯೇ ಹಲ್ಲು ಕಚ್ಚಿ ಮೊಣಕಾಲು ಬಗ್ಗಿಸಿ ಒಳಬಂದಳು. ನಾನು ಹಾಲು ಕಾಯಿಸಿ ಇಳಿಸಿ, ಯಜಮಾನರ ಕೋಟಿಗೆ ಗುಂಡಿ ಹೊಲಿದುಕೊಟ್ಟು, ಛತ್ರಿ ಹುಡುಕುತ್ತಿದ್ದೆ.

“ಬುಟ್ಟಿ ಇಲ್ಲ ಅಂತ ನಿಮ್ಮ ಕಾಲಿಗೆ ಯಾರೂ ಹೇಳಲಿಲ್ಲವಾ ಅಕ್ಕ?” ಎಂದೆ.

“ಹೇಳಿದೆ ಬಾಯಮ್ಮ. ಅದಕ್ಕೆ ಬುಟ್ಟಿ ಹೊರು ಅನ್ನುವ ನನ್ನ ತಮ್ಮನ ಮಾತಿನಲ್ಲಿ ನಂಬಿಕೆ ಉಂಟು, ನನ್ನದರಲ್ಲಿ ಇಲ್ಲ.” ಅವಳು ನನ್ನನ್ನು ಕರೆಯುತ್ತಿದ್ದುದು ಬಾಯಮ್ಮ ಎಂದೇ.

ಉಳ್ಳಾಲದಿಂದ ದೋಣಿಯಲ್ಲಿ ಹೊಳೆ ದಾಟಿ, ಬಲ್ಮಠದ ಗುಡ್ಡ ಹತ್ತಿ ಬರುತ್ತಿದ್ದವಳು. ಹಳಸಿದ ಮೀನು ಕೊಟ್ಟದ್ದೇ ಇಲ್ಲ. “ಇವತ್ತು ಕಾಣೆ ಮೀನು ಬೇಡ. ಅದರ ಕಣ್ಣು ನೋಡಿ, ಅದಕ್ಕೇ ನಾಚಿಕೆ ಆಗ್ತಾ ಉಂಟು” ಎನ್ನುವಳು. ನನ್ನ ಬಾಣಂತನದಲ್ಲಿ ಎದೆಹಾಲಿಗೆ ಒಳ್ಳೆಯದೆಂದು ಎಲ್ಲಿಂದಲೋ ತಾಟೆ ಮೀನು ಹುಡುಕಿ ತಂದು, ಸಾರು ಮಾಡುವ ಕ್ರಮವನ್ನೂ ಜಗಲಿಯಲ್ಲಿ ನಿಂತೇ ಹೇಳಿಕೊಟ್ಟಿದ್ದಳು. ಕುಳಿತರೆ ಏಳಲಾಗದೆಂದು ಅವಳು ಎಲ್ಲಿಯೂ ಕೂರುತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ನಾನೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದೆ. ಮೊಣಕಾಲಿನ ಎಕ್ಸ್‌ರೇ ತೆಗೆದರು. ಆಮೇಲೆ ಬಿಸಿ ದೀಪದ ಶಾಖ, ಪಟ್ಟಿ, ಮಾತ್ರೆ, ಬುಟ್ಟಿಯಿಂದ ಬಿಡುವು. ಆ ದಿನ ಎರಡನೆಯ ಚಿತ್ರ ತೆಗೆಯುವುದಿತ್ತು. ಮನೆಯ ಯಜಮಾನಿಕೆ ಅವಳ ತಮ್ಮನದು. ಅವನು ಮಾತು ಕೊಟ್ಟಿದ್ದ: ಕಾಲು ಗುಣವಾಗಿಲ್ಲವೆಂದು ಚಿತ್ರದಲ್ಲಿ ಕಂಡರೆ ಅಕ್ಕ ಮನೆಯಲ್ಲೇ ಬಲೆ ಹೆಣೆಯಲಿ, ಗುಣ ಕಂಡರೆ ಮತ್ತೆ ಬುಟ್ಟಿ.

ಮೇಜಿನ ಮೇಲೆ ಅಂಗಾತ ಮಲಗಿಸಿ ಚಿತ್ರ ತೆಗೆದರು. ತುಂಬಾ ಹೊತ್ತು ಕಾದ ಮೇಲೆ ಡಾಕ್ಟರಮ್ಮ ಹಳೆಯದನ್ನೂ ಹೊಸದನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಕೂದಲಿನ ಪರದೇಶದ ಹೆಂಗಸು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಎಲುಬುಗಳ ನಡುವಿನ ಸಂದು ಕಿರಿದಾಗಿಲ್ಲ, ಚಿಕಿತ್ಸೆ ಫಲಿಸಿದೆ, ಇನ್ನು ಕೆಲಸಕ್ಕೆ ಹೋಗಬಹುದು ಎಂದು ಸಂತೋಷದಿಂದ ಹೇಳಿದರು. ನಾನು ತುಳುವಿನಲ್ಲಿ ತಿಳಿಸಿದೆ.

ಮೀನಿನಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಬಾಯಮ್ಮ, ಅವರಿಗೆ ಹೇಳಿ. ಮಲಗಿದರೆ ನನಗೂ ನೋವಿಲ್ಲ. ಮಲಗಿಕೊಂಡು ಮೀನು ಮಾರುವವರು ಯಾರು? ನನ್ನನ್ನು ನಿಲ್ಲಿಸಿ, ತಲೆಯ ಮೇಲೆ ಬುಟ್ಟಿ ಇಟ್ಟು ತೆಗೆಯಲಿ. ಆಗ ಆ ಸಂದು ಎಲ್ಲಿ ಇರ್ತದೆ ನೋಡುವ.”

ಡಾಕ್ಟರಮ್ಮ ನಗುತ್ತಾ ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾಳೆಂದು ಕೇಳಿದರು.

ಹಿರಿಯರಿಗೆ, ಅದರಲ್ಲೂ ಉಪಕಾರ ಮಾಡಿದವರಿಗೆ ಎದುರಾಡಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಆ ಮಾತಿಗೆ ಬೇಕಾದ ಇಂಗ್ಲಿಷೆಲ್ಲ ನನಗೆ ಬರುತ್ತಿತ್ತು. ಬಾಯಿ ಮಾತ್ರ ಬರಲಿಲ್ಲ. ತಮ್ಮಿಂದ ಬಹಳ ಉಪಕಾರವಾಯಿತು ಎನ್ನುತ್ತಿದ್ದಾಳೆ, ಎಂದೆ.

ಮೀನಿನಕ್ಕ ನನ್ನ ಮುಖ ನೋಡಿದಳು. “ಇಷ್ಟುದ್ದದ ಮಾತು ಇಂಗ್ಲಿಷಿನಲ್ಲಿ ಅಷ್ಟೇ ಚಿಕ್ಕದಾ, ಬಾಯಮ್ಮ?”

ನಾನು ಛತ್ರಿ ಎತ್ತಿಕೊಂಡು ಬಾಗಿಲಿನತ್ತ ನಡೆದೆ. ಹೊರಗೆ ಅವಳ ತಮ್ಮ ಕಾಯುತ್ತಿದ್ದ. “ಎಂತ ಹೇಳಿದ್ರು?” ಎಂದು ಅಕ್ಕನನ್ನಲ್ಲ, ನನ್ನನ್ನು ಕೇಳಿದ. ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆಮೇಲೆ ಮೂರು ಮಳೆಗಾಲ ಅವಳು ಗುಡ್ಡ ಹತ್ತಿದಳು. ಒಂದು ಸಲವೂ ಆ ಮಾತು ಎತ್ತಲಿಲ್ಲ. ಮೀನಿನ ಕಣ್ಣು ನೋಡಿಯೇ ಕೊಡುತ್ತಿದ್ದಳು. ನಾಲ್ಕನೆಯ ಮಳೆಗಾಲದಲ್ಲಿ ಚಾಪೆ ಹಿಡಿದವಳು ಏಳಲಿಲ್ಲವೆಂದು ದೋಣಿಯವರು ಹೇಳಿದರು. ಕಮಾನಿನ ಬಳ್ಳಿಯನ್ನು ನಾನು ಕಡಿಸಿ ಎತ್ತರಿಸಿದ್ದು ಅದಾದ ಮೇಲೆ.

ಆಸ್ಪತ್ರೆಯಿಂದ ಬಂದ ಆ ಸಂಜೆ ಬಟ್ಟೆ ಮಡಚುತ್ತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೂಗಿ ಹೇಳಿದರು: “ನಿಮ್ಮ ಮೀನಿನವಳ ಕಾಲು ಗುಣ ಆಯ್ತಂತಲ್ಲ, ಒಳ್ಳೇದಾಯ್ತು ಮಾರಾಯ್ರೆ. ನಾಳೆ ನಮಗೆ ನೆಂಟರು ಉಂಟು. ಬಂಗುಡೆ ಸ್ವಲ್ಪ ಜಾಸ್ತಿಯೇ ಹೊತ್ತುಕೊಂಡು ಬರ್ಲಿಕ್ಕೆ ಹೇಳಿ.”